ಸತ್ತ ಭಾಷೆ ಎನ್ನುವ ಮುನ್ನ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ಚಿಕ್ಕಪ್ಪನ ಮಗ ಹಬ್ಬಕ್ಕೆ ಹೂವಿನಹಡಗಲಿಗೆ ಬಂದಿದ್ದ. ಅವನ ದಿನದ ಕೆಲಸವೆಲ್ಲ ಪಿಎಚ್‌ಪಿ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ನಾನು ಸಂಶೋಧನೆ ಮಾಡುತ್ತಿರುವುದು ಹಳಗನ್ನಡ ಶಾಸನಗಳ ಮೇಲೆ. "ಅಕ್ಕಾ, ನಂದು ಸತ್ತ ಭಾಷೆ ಅಂತಾರ. ನಿಂದೂ ಹಂಗ ಅಲ್ಲೇನು?" ಎಂದು ನಕ್ಕ.

ನಾನೂ ನಕ್ಕೆ. ಆದರೆ 'ಸತ್ತ ಭಾಷೆ' ಎಂಬ ಈ ರೂಪಕವನ್ನು ನಮ್ಮ ವಿಮರ್ಶೆಯೂ ಯೋಚಿಸದೆ ಬಳಸುತ್ತದೆ. ಅದನ್ನು ಒಮ್ಮೆ ಪರೀಕ್ಷಿಸಬೇಕು.

ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ ಹೊರತಂದದ್ದು 1995ರಲ್ಲಿ. ಪಂಪನ ಬಗ್ಗೆ ತಿಳಿಯಲು ನಮ್ಮ ವಿದ್ಯಾರ್ಥಿಗಳು ಮೊದಲು ತೆರೆಯುವ ಕನ್ನಡ ವಿಕಿಪೀಡಿಯ 2003ರದು. ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಇಂದಿಗೂ ಪಿಎಚ್‌ಪಿಯಲ್ಲೇ ಇದೆ. 2004ರಲ್ಲಿ ಫೇಸ್‌ಬುಕ್ ಹುಟ್ಟಿದ್ದೂ ಇದೇ ಭಾಷೆಯಲ್ಲಿ. ಕಂಪನಿ ದೊಡ್ಡದಾದಾಗ ಬರೆದದ್ದನ್ನೆಲ್ಲ ಎಸೆದು ಹೊಸದಾಗಿ ಶುರುಮಾಡಲಿಲ್ಲ. ಹಳೆಯ ಕೋಡ್ ವೇಗವಾಗಿ ಓಡಲೆಂದು ಎಚ್‌ಎಚ್‌ವಿಎಂ ಎಂಬ ವ್ಯವಸ್ಥೆ ಕಟ್ಟಿತು. 2014ರಲ್ಲಿ ಪಿಎಚ್‌ಪಿಯಿಂದಲೇ ಕವಲೊಡೆದ ಹ್ಯಾಕ್ ಎಂಬ ಭಾಷೆಯನ್ನು ಪ್ರಕಟಿಸಿತು. ವಿಕಿಪೀಡಿಯವೂ ಆ ವರ್ಷ ಎಚ್‌ಎಚ್‌ವಿಎಂ ಅಳವಡಿಸಿಕೊಂಡಿತ್ತು. ಅಷ್ಟರಲ್ಲಿ ಪಿಎಚ್‌ಪಿಯೇ ಸುಧಾರಿಸಿತು. 2019ರಲ್ಲಿ ಅದರ ಏಳನೆಯ ಆವೃತ್ತಿಗೆ ವಿಕಿಪೀಡಿಯ ಮರಳಿತು.

ಅಂದರೆ ಈ ಭಾಷೆ ಉಳಿದಿರುವುದು ಹಳೆಯದೆಂಬ ಗೌರವದಿಂದಲ್ಲ. ಓದಿ, ತಪ್ಪು ಹುಡುಕಿ, ತಿದ್ದುವ ಜನ ಬಿಡದೆ ಇದ್ದುದರಿಂದ.

ಹಳಗನ್ನಡವೂ ಹಾಗೆಯೇ ಎಂದು ಮುಗಿಸಿದರೆ ನನಗೆ ಸಮಾಧಾನ. ಆದರೆ ಹೋಲಿಕೆ ಇಲ್ಲಿ ಮುರಿಯುತ್ತದೆ. ವೆಬ್‌ಸೈಟ್ ನಿಂತರೆ ವ್ಯಾಪಾರ ನಿಲ್ಲುತ್ತದೆ. ಆದ್ದರಿಂದ ತಿದ್ದುವವರಿಗೆ ಸಂಬಳವಿದೆ. ನಮ್ಮ ಪಕ್ಕದ ಹಿರೇಹಡಗಲಿಯಲ್ಲಿ ಹನ್ನೊಂದನೆಯ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯಿದೆ. ಅಲ್ಲಿಯ ಶಾಸನ ಓದುವವರು ಇಲ್ಲವಾದರೆ ಯಾವ ಪರದೆಯ ಮೇಲೂ ದೋಷದ ಸೂಚನೆ ಮೂಡುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಕೋಡನ್ನು ಕಾಲಕ್ಕೆ ತಕ್ಕಂತೆ ತಿದ್ದಬಹುದು, ಶಾಸನವನ್ನು ತಿದ್ದುವಂತಿಲ್ಲ. ಅಲ್ಲಿ ಪ್ರತಿ ತಲೆಮಾರಿಗೂ ಹೊಸಬರಾಗಿ ತಯಾರಾಗಬೇಕಾದವರು ಓದುಗರು.

'ಸತ್ತ ಭಾಷೆ' ಎಂಬ ಮಾತು ಈ ಕೆಲಸವನ್ನೇ ಮರೆಮಾಚುತ್ತದೆ. ಸಾವಾದರೆ ಯಾರ ಹೊಣೆಯೂ ಅಲ್ಲ. ಕಲಿಸುವುದನ್ನು ಬಿಟ್ಟದ್ದಾದರೆ ತರಗತಿ, ಪಠ್ಯಕ್ರಮ, ಸಂಶೋಧಕರು ಎಲ್ಲರೂ ಉತ್ತರಿಸಬೇಕು.

ನನ್ನ ಮಹಾಪ್ರಬಂಧದ ಮೊದಲ ಪುಟದಲ್ಲಿ ಹಳಗನ್ನಡವನ್ನು 'ಬಳಕೆ ತಪ್ಪಿದ ಭಾಷೆ' ಎಂದು ಬರೆದಿದ್ದೆ. ತಮ್ಮ ಬೆಂಗಳೂರಿನ ಬಸ್ಸು ಹತ್ತಿದ ರಾತ್ರಿ ಅದನ್ನು 'ನಾವು ಓದಲು ಕಲಿಸದೆ ಬಿಟ್ಟ ಭಾಷೆ' ಎಂದು ತಿದ್ದಿದೆ.