ಸಂಕರ ಪಾಲಿಮರ್ ಪೊರೆಗಳು: ವಾಹಕತೆಯೊಂದೇ ಒರೆಗಲ್ಲೆ?

ಇಂಧನಕೋಶದ ಪಾಲಿಮರ್ ಪೊರೆಯು ಎರಡು ಹೊಣೆಗಳನ್ನು ಒಟ್ಟಿಗೆ ಹೊರಬೇಕು. ಆನೋಡಿನಲ್ಲಿ ಹೈಡ್ರೋಜನ್ನಿನಿಂದ ಬಿಡುಗಡೆಯಾದ ಪ್ರೋಟಾನುಗಳನ್ನು ಕ್ಯಾಥೋಡಿನೆಡೆಗೆ ಸಾಗಗೊಡಬೇಕು. ಅನಿಲಗಳನ್ನೂ ಎಲೆಕ್ಟ್ರಾನುಗಳನ್ನೂ ತಡೆಯಬೇಕು. ಸಾವಯವ ಪಾಲಿಮರಿನೊಳಗೆ ನಿರವಯವ ಘಟಕಗಳನ್ನು ಬೆರೆಸಿದ ಸಂಕರ ಪೊರೆಗಳ ಕುರಿತು ಈಚಿನ ದಶಕಗಳಲ್ಲಿ ವಿಪುಲವಾದ ಸಂಶೋಧನ ಸಾಹಿತ್ಯ ಬೆಳೆದಿದೆ. ಇದರಲ್ಲಿ ಪ್ರೋಟಾನ್ ವಾಹಕತೆಯನ್ನೇ ಯಶಸ್ಸಿನ ಮುಖ್ಯ ಅಳತೆಗೋಲಾಗಿಸುವ ಪ್ರವೃತ್ತಿ ಎಷ್ಟರಮಟ್ಟಿಗೆ ಸಮರ್ಪಕವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1965ರಲ್ಲಿ ಜೆಮಿನಿ-5 ಗಗನನೌಕೆಯಲ್ಲಿ ಬಳಕೆಯಾದ ಇಂಧನಕೋಶಗಳ ಪೊರೆ ಸಲ್ಫೋನೀಕೃತ ಪಾಲಿಸ್ಟೈರೀನಿನದು. ಉತ್ಕರ್ಷಣದಿಂದ ಅದು ಶಿಥಿಲವಾಗುತ್ತಿತ್ತು. ಅದರ ಸ್ಥಾನಕ್ಕೆ ಬಂದ ಡ್ಯುಪಾಂಟ್ ಸಂಸ್ಥೆಯ ನೇಫಿಯಾನ್ ಇಂದಿಗೂ ಮಾನದಂಡವಾಗಿ ಉಳಿದಿರುವುದಕ್ಕೆ ಕಾರ್ಬನ್-ಫ್ಲೂರಿನ್ ಬಂಧಗಳು ಒದಗಿಸಿದ ಬಾಳಿಕೆಯೇ ಪ್ರಧಾನ ಕಾರಣ. ಆದರೆ ನೇಫಿಯಾನ್ ನೀರನ್ನು ಅವಲಂಬಿಸಿದೆ. ಪೂರ್ಣ ತೇವದಲ್ಲಿ ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್ ಇರುವ ಅದರ ವಾಹಕತೆ, ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟಿ ನೀರು ಆರಿದಂತೆ ತೀವ್ರವಾಗಿ ಕುಸಿಯುತ್ತದೆ. ಇತ್ತ ಪ್ಲಾಟಿನಮ್ ವೇಗವರ್ಧಕವನ್ನು ಕಾರ್ಬನ್ ಮಾನಾಕ್ಸೈಡಿನ ವಿಷಪ್ರಭಾವದಿಂದ ಕಾಪಾಡಲು ಅಧಿಕ ಉಷ್ಣತೆಯೇ ಅನುಕೂಲ. ಸಂಕರ ಪೊರೆಗಳ ಅನ್ವೇಷಣೆಗೆ ಈ ಇಕ್ಕಟ್ಟು ಮುಖ್ಯ ಪ್ರೇರಣೆಯಾಯಿತು.

ಸೋಲ್-ಜೆಲ್ ವಿಧಾನದಿಂದ ಸೇರಿಸಿದ ಸಿಲಿಕಾ ನೀರನ್ನು ಹಿಡಿದಿಡುತ್ತದೆ. ಆದರೆ ತಾನು ಉತ್ತಮ ಪ್ರೋಟಾನ್ ವಾಹಕವಲ್ಲ. ಪೂರ್ಣ ತೇವದಲ್ಲಿ ಅದು ವಾಹಕ ಪಾಲಿಮರಿನ ಜಾಗವನ್ನಷ್ಟೇ ಆಕ್ರಮಿಸಬಹುದು. ಆದ್ದರಿಂದ ಪೂರ್ಣ ತೇವದಲ್ಲಿ ಮಾತ್ರ ಅಳೆದ ವಾಹಕತೆಯಿಂದ ಅದರ ಗುಣವಾಗಲಿ ದೋಷವಾಗಲಿ ನಿರ್ಣಯವಾಗದು. ಫಾಸ್ಫೋಟಂಗ್‌ಸ್ಟಿಕ್ ಆಮ್ಲದ ಸ್ಥಿತಿ ಇದಕ್ಕೆ ವಿರುದ್ಧ. ಅದು ಶ್ರೇಷ್ಠ ವಾಹಕ, ಆದರೆ ನೀರಿನಲ್ಲಿ ಕರಗುವಂಥದು. ನೀರೋ ಇಂಧನಕೋಶದ ಉತ್ಪನ್ನವೇ ಆಗಿದೆ. ಮೊದಲ ದಿನದ ಅಳತೆ ಈ ಸೋರಿಕೆಯನ್ನು ತೋರಿಸುವುದಿಲ್ಲ. ಫಾಸ್ಫಾರಿಕ್ ಆಮ್ಲವನ್ನು ಹೀರಿದ ಪಾಲಿಬೆಂಜಿಮಿಡಜೋಲ್ ಪೊರೆ 150 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲೂ ಹೊರಗಿನ ತೇವವಿಲ್ಲದೆ ಕೆಲಸ ಮಾಡುತ್ತದೆ. ಆದರೆ ಕೋಶ ತಣಿದು ದ್ರವಜಲ ಸೇರಿದಾಗ ಆಮ್ಲನಷ್ಟದ ಭಯ ಅಲ್ಲಿಯೂ ಇದೆ. ಈ ಎರಡು ಆಮ್ಲಗಳ ವಿಷಯದಲ್ಲಿ ದೌರ್ಬಲ್ಯ ಒಂದೇ: ವಾಹಕವು ಪಾಲಿಮರಿಗೆ ಭದ್ರವಾಗಿ ಬಂಧಿತವಾಗಿಲ್ಲ.

ಉದ್ದೇಶಕ್ಕೆ ತಕ್ಕ ಅಳತೆಗೋಲು ಹೇಗಿರಬೇಕೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಶುಕ್ಲಾ ಮತ್ತು ಸಹೋದ್ಯೋಗಿಗಳು ನೇರ ಮೆಥನಾಲ್ ಇಂಧನಕೋಶಕ್ಕಾಗಿ ಪಾಲಿವಿನೈಲ್ ಆಲ್ಕೊಹಾಲ್ ಆಧಾರಿತ ಪೊರೆಗಳಲ್ಲಿ ಮಾರ್ಡನೈಟ್ ಎಂಬ ಜಿಯೋಲೈಟನ್ನು ಬಳಸಿದರು. ಇಂಥ ಕೋಶದಲ್ಲಿ ಪೊರೆಯನ್ನು ದಾಟಿಹೋಗುವ ಮೆಥನಾಲ್ ವ್ಯರ್ಥವಾಗುತ್ತದೆ. ಹಾಗಾಗಿ ಇಲ್ಲಿ ವಾಹಕತೆಗೂ ಮೆಥನಾಲ್ ಸೋರಿಕೆಗೂ ಇರುವ ಅನುಪಾತವೇ ಅರ್ಥಪೂರ್ಣ.

ಆದುದರಿಂದ ಸಂಕರ ಪೊರೆಯೊಂದರ ಮೌಲ್ಯಮಾಪನ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು. ಅಷ್ಟೇ ದಪ್ಪದ ಶುದ್ಧ ಪಾಲಿಮರಿನೊಡನೆ ಹೋಲಿಕೆ ನಡೆದಿದೆಯೆ? ಕಡಿಮೆ ತೇವದಲ್ಲಿ ವಾಹಕತೆ ಎಷ್ಟು? ನೀರಿನಲ್ಲಿ ದೀರ್ಘಕಾಲ ಇರಿಸಿದ ಬಳಿಕ ನಿರವಯವ ಘಟಕ ಎಷ್ಟು ಉಳಿಯಿತು? ಪದೇ ಪದೇ ನೆನೆದು ಆರಿದಾಗ ಪೊರೆ ಬಿರಿಯಿತೆ?

ಈ ಪ್ರಶ್ನೆಗಳಿಗೆ ಇಂದು ಹೊಸ ತುರ್ತು ಒದಗಿದೆ. 2023ರಲ್ಲಿ ಐರೋಪ್ಯ ಒಕ್ಕೂಟದ ಮುಂದೆ ಬಂದ ಫ್ಲೂರಿನ್ ಸಂಯುಕ್ತಗಳ ನಿರ್ಬಂಧದ ಪ್ರಸ್ತಾವವು ಫ್ಲೂರಿನ್‌ರಹಿತ ಪೊರೆಗಳ ಅಗತ್ಯವನ್ನು ಹೆಚ್ಚಿಸಿದೆ. ಬಾಳಿಕೆಯನ್ನು ಮರೆತು ವಾಹಕತೆಯನ್ನಷ್ಟೇ ಅರಸಿದರೆ ನಾವು ಮರಳಿ ಸೇರುವುದು ಜೆಮಿನಿಯ ಪಾಲಿಸ್ಟೈರೀನಿಗೇ.