ದುರ್ಗವೂ ಅತಿಥಿಯೂ: ನೀಮ್ರಾಣಾ ಕೋಟೆಯ ಜೀರ್ಣೋದ್ಧಾರವನ್ನು ಕುರಿತು

ಹಳೆಯ ಕಟ್ಟಡವನ್ನು ಜೀರ್ಣೋದ್ಧಾರ ಮಾಡುವವನ ಹೊಣೆಯು ಹಳೆಯ ಗ್ರಂಥವನ್ನು ಸಂಪಾದಿಸುವವನ ಹೊಣೆಗೆ ಬಹುಮಟ್ಟಿಗೆ ಸಮಾನವಾದುದು. ಯಾವ ಪಾಠವನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು, ಲುಪ್ತವಾದ ಭಾಗವನ್ನು ಊಹೆಯಿಂದ ತುಂಬಬಹುದೆ ಎಂಬ ಪ್ರಶ್ನೆಗಳು ಇಬ್ಬರಿಗೂ ಎದುರಾಗುತ್ತವೆ. ಆದ್ದರಿಂದ, ಕೋಟೆಕೊತ್ತಲಗಳನ್ನು ಹೋಟೆಲುಗಳಾಗಿ ಪರಿವರ್ತಿಸುವ ಇಂದಿನ ರೂಢಿಯನ್ನು ಪ್ರವಾಸದ ಮಾತೆಂದು ಬದಿಗಿಡದೆ, ವಿಮರ್ಶೆಗೆ ಒಳಪಡಿಸುವುದು ಅವಶ್ಯಕ. ಕಳೆದ ಚಳಿಗಾಲದಲ್ಲಿ ನೀಮ್ರಾಣಾ ಕೋಟೆಯಲ್ಲಿ ಒಂದು ರಾತ್ರಿ ತಂಗಿದ್ದಾಗ ಮೂಡಿದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುತ್ತೇನೆ.

ದೆಹಲಿಯಿಂದ ಜಯಪುರದ ಹೆದ್ದಾರಿಯಲ್ಲಿ ಸುಮಾರು 120 ಕಿಲೋಮೀಟರು ಸಾಗಿದರೆ, ಅರಾವಳಿಯ ಗುಡ್ಡವೊಂದರ ಇಳಿಜಾರಿಗೆ ಒರಗಿಕೊಂಡಂತೆ ಈ ಕೋಟೆ ಕಾಣುತ್ತದೆ. ಇದರ ಆರಂಭಕಾಲವನ್ನು 1464 ಎಂದು ಹೇಳುತ್ತಾರೆ. ಪೃಥ್ವೀರಾಜನ ವಂಶದವರೆಂದು ಹೇಳಿಕೊಂಡ ಚೌಹಾಣರು ಇಲ್ಲಿ ಆಳಿದರು. 1947ರಲ್ಲಿ ಅರಸುಮನೆತನವು ಕೋಟೆಯನ್ನು ತೊರೆದ ಮೇಲೆ ಅದು ಪಾಳುಬಿದ್ದಿತು. 1986ರಲ್ಲಿ ಅದನ್ನು ಕೊಂಡ ಅಮನ್ ನಾಥ್ ಮತ್ತು ಫ್ರಾನ್ಸಿಸ್ ವಾಕ್ಸಿಯಾರ್ಗ್ ಅವರು 1991ರಲ್ಲಿ ಹೋಟೆಲನ್ನು ತೆರೆದರು. ಇವರು ಬರಿಯ ವ್ಯಾಪಾರಿಗಳಲ್ಲ; ಶೇಖಾವಾಟಿಯ ಭಿತ್ತಿಚಿತ್ರಗಳನ್ನು ಕುರಿತು 1982ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದ್ದವರು. ಕಲ್ಲನ್ನು ಓದಬಲ್ಲವರ ಕೈಗೆ ಕಲ್ಲು ಸಿಕ್ಕಿತೆಂಬುದು ಇಲ್ಲಿಯ ಭಾಗ್ಯ.

ಈ ಕಾರ್ಯದ ಕಾಠಿಣ್ಯವನ್ನು ತಿಳಿಯಲು ನಮ್ಮ ಮೈಸೂರಿನ ಲಲಿತಮಹಲನ್ನು ನೆನೆಯಬಹುದು. 1921ರಲ್ಲಿ ಶಂಕುಸ್ಥಾಪನೆಯಾದ ಆ ಸೌಧವು ವೈಸರಾಯರಂಥ ಅತಿಥಿಗಳಿಗಾಗಿಯೇ ಹುಟ್ಟಿದುದು. 1974ರಲ್ಲಿ ಹೋಟೆಲಾದಾಗ ಅದರ ಧರ್ಮವೇನೂ ಕೆಡಲಿಲ್ಲ, ಅತಿಥಿಗಳು ಮಾತ್ರ ಬದಲಾದರು. ಜಯಪುರದ ರಾಮಬಾಗ್ 1957ರಲ್ಲಿ ಹೋಟೆಲಾದಾಗಲೂ ಅದು ವಾಸಯೋಗ್ಯವಾಗಿದ್ದ ಅರಮನೆಯೇ. ಕೋಟೆಯ ಮಾತು ಬೇರೆ. ಅದು ಬರುವವನನ್ನು ತಡೆಯಲೆಂದು ಕಟ್ಟಿದ್ದು. ಏರು, ತಿರುವು, ಇಕ್ಕಟ್ಟಾದ ಮೆಟ್ಟಿಲು, ತಲೆಬಾಗಿಸುವ ಬಾಗಿಲು, ಇವೆಲ್ಲ ಹಗೆಯನ್ನು ದಣಿಸುವ ಉಪಾಯಗಳು. ತಡೆಯುವ ಕಟ್ಟಡವನ್ನು ಸ್ವಾಗತಿಸುವ ಕಟ್ಟಡವಾಗಿ ಮಾಡುವುದೆಂದರೆ ವೀರರಸದ ಕಾವ್ಯವನ್ನು ಶೃಂಗಾರಕ್ಕೆ ಒಗ್ಗಿಸಿದಂತೆ.

ಈ ಪರೀಕ್ಷೆಯಲ್ಲಿ ನೀಮ್ರಾಣಾ ಬಹುಮಟ್ಟಿಗೆ ಗೆದ್ದಿದೆಯೆಂದೇ ಹೇಳಬೇಕು. ಅಂತಸ್ತುಗಳನ್ನು ಸಮತಟ್ಟು ಮಾಡುವ ಆಸೆಗೆ ಉದ್ಧಾರಕರು ಬಲಿಯಾಗಲಿಲ್ಲ. ಅತಿಥಿಯು ಇಂದಿಗೂ ಏದುಸಿರು ಬಿಡುತ್ತಲೇ ಮೇಲೇರಬೇಕು. ಒಂದು ಕೋಣೆಯಂತೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಮಹಲೆಂಬ ಬಿರುದಿನೊಡನೆ ತನ್ನದೇ ಹೆಸರುಂಟು. ರಾತ್ರಿ ಜರೋಕಾದಲ್ಲಿ ಕುಳಿತು ಕೆಳಗಿನ ಊರಿನ ದೀಪಗಳನ್ನು ನೋಡುತ್ತಿದ್ದಾಗ, ಗೋಡೆಯ ದಪ್ಪವೇ ನನಗೆ ಇತಿಹಾಸದ ಪಾಠ ಹೇಳಿತೆಂದರೆ ಉತ್ಪ್ರೇಕ್ಷೆಯಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಸ್ಮಾರಕಕ್ಕಿಂತ, ಜನ ಉಂಡು ಮಲಗಿ ಎದ್ದುಹೋಗುವ ಸ್ಮಾರಕ ಮೇಲು.

ಆದರೆ ಸಂಪಾದಕನಿಗೆ ಮತ್ತೊಂದು ಧರ್ಮವಿದೆ. ತಾನು ಸೇರಿಸಿದುದನ್ನು ಕಂಸದಲ್ಲಿಟ್ಟು ತೋರಿಸಬೇಕು. ಆರಂಭದಲ್ಲಿ ಕೆಲವೇ ಕೋಣೆಗಳಿದ್ದ ಹೋಟೆಲು ಕ್ರಮೇಣ 70ಕ್ಕೂ ಮಿಕ್ಕ ಕೋಣೆಗಳಿಗೆ ಬೆಳೆಯಿತು. ಹೊಸ ಭಾಗಗಳು ಹಳೆಯ ಶೈಲಿಯಲ್ಲಿಯೇ ಎದ್ದಿರುವುದರಿಂದ, ಹದಿನೈದನೆಯ ಶತಮಾನ ಎಲ್ಲಿ ಮುಗಿದು ಇಪ್ಪತ್ತನೆಯದು ಎಲ್ಲಿ ತೊಡಗಿತೆಂಬುದು ಸಾಮಾನ್ಯ ಅತಿಥಿಯ ಕಣ್ಣಿಗೆ ತೋರದು. ಸೌಂದರ್ಯದ ದೃಷ್ಟಿಯಿಂದ ಇದು ಜಾಣ್ಮೆಯಿರಬಹುದು. ಪಾಠಶುದ್ಧಿಯ ದೃಷ್ಟಿಯಿಂದ ಪ್ರಕ್ಷೇಪವೇ. ಹೊಸ ಗೋಡೆಯ ಮೂಲೆಯಲ್ಲಿ ಇಸವಿಯನ್ನು ಕೆತ್ತಿದರೆ ಅದರ ಚೆಲುವು ಕುಂದುವುದೆ?

ಇದಕ್ಕಿಂತ ಗಹನವಾದ ಪ್ರಶ್ನೆ ಲೋಪದ್ದು. ನೀಮೋಲಾ ಎಂಬ ಮೇವ್ ನಾಯಕನು ಚೌಹಾಣರಿಗೆ ಸೋತನೆಂದೂ, ಕಳೆದುಹೋದ ತನ್ನ ನೆಲಕ್ಕೆ ತನ್ನ ಹೆಸರನ್ನಾದರೂ ಉಳಿಸಬೇಕೆಂದು ಬೇಡಿಕೊಂಡನೆಂದೂ, ಅದರಿಂದಲೇ ನೀಮ್ರಾಣಾ ಎಂಬ ಹೆಸರು ಬಂದಿತೆಂದೂ ಸ್ಥಳದ ಐತಿಹ್ಯ. ಗೆದ್ದವನ ಕೋಟೆಗೆ ಸೋತವನ ಹೆಸರು! ಅತಿಥಿಗೆ ಇದು ಊಟಕ್ಕೆ ಮುಂಚಿನ ಸೊಗಸಾದ ಕಥೆಯಾಗಿ ಒದಗುತ್ತದೆ. ಮೇವರಾದರೋ ಕಥೆಯಲ್ಲಿ ಮುಗಿದುಹೋದವರಲ್ಲ. ಅಲ್ವರ್, ನೂಹ್ ಪ್ರದೇಶಗಳಲ್ಲಿ ಇಂದಿಗೂ ಬಾಳುತ್ತಿರುವ ಜನ. ಹೆಸರನ್ನು ಕೊಟ್ಟು ಜನರನ್ನು ಮರೆಯುವುದು ಉದಾರತೆಯೆನಿಸದು.

ಈ ಲೋಪಕ್ಕೆ ಒಂದು ಹೋಟೆಲನ್ನು ದೂರುವುದು ನ್ಯಾಯವಲ್ಲ, ದೋಷವು ಪ್ರಕಾರದ್ದೇ. 1950ಕ್ಕೆ ಮೊದಲು ಕಟ್ಟಿದ ಅರಮನೆ, ಕೋಟೆ, ಹವೇಲಿ ಮೊದಲಾದವುಗಳನ್ನು ಪಾರಂಪರಿಕ ಹೋಟೆಲುಗಳೆಂದು ಸರಕಾರವು ವರ್ಗೀಕರಿಸಿದಾಗ, ಆ ಪ್ರದೇಶದ ಸಾಂಪ್ರದಾಯಿಕ ಜೀವನಕ್ಕೆ ಒಪ್ಪುವ ವಾತಾವರಣವಿರಬೇಕೆಂದು ಬಯಸಿತು. ಆದರೆ ಯಾರ ಜೀವನ? ಹಣ ತೆತ್ತವನು ಒಂದು ರಾತ್ರಿ ರಾಜನಾಗಬೇಕು. ನೀರು ಹೊತ್ತವಳಾಗಲು ಯಾರೂ ಹಣ ತೆರರು. ಆದ್ದರಿಂದ ಈ ಪ್ರಕಾರವು ಸ್ವಭಾವತಃ ಮಹಲನ್ನು ಉಳಿಸುತ್ತದೆ, ನೀರಿನ ದಾರಿಯನ್ನು ಮರೆಯುತ್ತದೆ.

ಮರುದಿನ ಬೆಳಿಗ್ಗೆ ಕೋಟೆಯಿಂದಿಳಿದು ಊರಿನ ಬಾವಡಿಯನ್ನು ನೋಡಿದೆನು. ಒಂಬತ್ತು ಅಂತಸ್ತುಗಳು ನೆಲದೊಳಕ್ಕೆ ಇಳಿದಿವೆ. ಕೋಟೆ ಮೇಲಕ್ಕೆ ಏರಿದಷ್ಟೇ ಗಾಂಭೀರ್ಯದಿಂದ ಅದು ಕೆಳಕ್ಕೆ ಇಳಿಯುತ್ತದೆ. ಒಂದು ಅರಸನಿಗೆ, ಇನ್ನೊಂದು ಬಾಯಾರಿದವರಿಗೆ. ಎರಡನ್ನೂ ಕೂಡಿಸಿ ಓದಿದಲ್ಲದೆ ಈ ಊರಿನ ಗ್ರಂಥ ಪೂರ್ಣವಾಗದು. ಕೋಟೆಯಲ್ಲಿ ತಂಗುವ ಪ್ರತಿಯೊಬ್ಬನೂ ಬಾವಡಿಯ ಮೆಟ್ಟಿಲನ್ನೂ ಇಳಿಯಬೇಕೆಂಬುದು ನನ್ನ ವಿನಂತಿ.

ಹುಟ್ಟೂರಿನ ಹೆಸರನ್ನು ಒಂದಕ್ಷರಕ್ಕೆ ಇಳಿಸಿ ನಮ್ಮ ಹೆಸರಿನ ಮುಂದೆ ಹೊತ್ತು, ಪರಸ್ಥಳಗಳಲ್ಲಿ ನೆಲೆಸಿರುವ ನಮಗೆ ನೀಮೋಲಾನ ಕಥೆ ಪರಕೀಯವಲ್ಲ. ಆ ಅಕ್ಷರದ ಅರ್ಥವನ್ನು ನಮ್ಮ ಮಕ್ಕಳು ಕೇಳದೆ ಇರುವ ಕಾಲ ದೂರವಿಲ್ಲ. ಹೆಸರು ಉಳಿಯುವುದು ಸುಲಭ. ಹೆಸರಿನ ಹಿಂದಿನ ಬಾಳನ್ನು ಉಳಿಸಿಕೊಳ್ಳಲು ಅದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಆ ಕೆಲಸವನ್ನು ಗೋಡೆಗಳಿಗೆ ಬಿಟ್ಟು ನಾವು ಸುಮ್ಮನಿರಲಾಗದು.