ಅಂಬಾರಿಯ ಕೆಳಗಿನ ಸಲಾಮು

ಶ್ರೀರಂಗಪಟ್ಟಣದ ದಸರಾ ಮೆರವಣಿಗೆಯನ್ನು ನಾವು ರಸ್ತೆ ಬದಿಯಲ್ಲಿ ನಿಂತು ಹಲವು ಸಲ ನೋಡಿದ್ದೇವೆ. ಕಿರಂಗೂರಿನ ಬನ್ನಿಮಂಟಪದಲ್ಲಿ ಪೂಜೆಯಾಗುತ್ತದೆ. ಆನೆಯ ಮೇಲೆ ಅಂಬಾರಿ ಏರುತ್ತದೆ. ತಮಟೆ, ಡೊಳ್ಳು, ಪೂಜಾಕುಣಿತಗಳ ನಡುವೆ ಮೆರವಣಿಗೆ ಪಟ್ಟಣದ ಕಡೆ ಹೊರಡುತ್ತದೆ. 1610ರಲ್ಲಿ ರಾಜ ಒಡೆಯರು ದಸರೆಯನ್ನು ಆರಂಭಿಸಿದ್ದು ಇಲ್ಲೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿಯ ಜೊತೆಗೆ ಹಬ್ಬವೂ ಮೈಸೂರಿಗೆ ಹೋಯಿತು. ಈಗ ಜಿಲ್ಲಾಡಳಿತ ಅದನ್ನು ಹುಟ್ಟಿದೂರಿನಲ್ಲಿ ಮತ್ತೆ ನಡೆಸುತ್ತಿದೆ. ದೊರೆಯಿಲ್ಲ, ದರ್ಬಾರಿಲ್ಲ, ದೊರೆಯ ಕಾಲದ ಠೀವಿ ಮಾತ್ರ ಉಂಟು. ಅಂದರೆ ಇದು ಹಳೆಯ ಕಾಲವನ್ನು ಬೀದಿಯಲ್ಲಿ ಆಡಿ ತೋರಿಸುವ ನಾಟಕ. ನಾಟಕವಾದ ಮೇಲೆ ವಿಮರ್ಶೆಗೂ ಸಿಗಬೇಕಲ್ಲ.

ಹೊರದೇಶಗಳಲ್ಲಿ ಇಂಥ ಆಟಕ್ಕೆಂದೇ ಸಂಘಗಳಿವೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಒಂದು ಸಂಘ ಇಂದು ಹಲವು ದೇಶಗಳಿಗೆ ಹಬ್ಬಿದೆ. ಅವರು ಕತ್ತಿವರಸೆಯಲ್ಲಿ ಗೆದ್ದವನನ್ನು ರಾಜನನ್ನಾಗಿಸುತ್ತಾರೆ, ಪದವಿಯ ಕ್ರಮದಲ್ಲಿ ಮೆರವಣಿಗೆ ಹೋಗುತ್ತಾರೆ, ಔತಣದಲ್ಲಿ ಎದ್ದು ನಿಂತು ರಾಜನ ಹೆಸರಿನಲ್ಲಿ ಬಟ್ಟಲು ಎತ್ತುತ್ತಾರೆ. ಆ ಕಾಲದ ಪ್ಲೇಗು, ಜೀತಗಳನ್ನು ಮಾತ್ರ ಯಾರೂ ಆಡುವುದಿಲ್ಲ. ಚೆಂದವಾದದ್ದನ್ನಷ್ಟೇ ಆರಿಸಿಕೊಂಡಿದ್ದೇವೆ ಎಂದು ಅವರೇ ನಗುತ್ತಾ ಒಪ್ಪುತ್ತಾರೆ. ನಾವೂ ಆರಿಸಿಕೊಂಡಿದ್ದೇವೆ, ಆದರೆ ಒಪ್ಪಿಕೊಳ್ಳುವುದಿಲ್ಲ.

ಅವರು ಬಟ್ಟಲು ಎತ್ತುವ ಜಾಗದಲ್ಲಿ ನಮ್ಮ ಹಿರಿಯರು ವೀಳ್ಯ ಚಾಚುತ್ತಿದ್ದರು. ದರ್ಬಾರಿಗೆ ಬಂದವರು ನಜರು ಒಪ್ಪಿಸಿದರೆ, ಹೊರಡುವಾಗ ಅವರಿಗೆ ಅತ್ತರು, ಪನ್ನೀರು, ತಾಂಬೂಲ. ದೊಡ್ಡವನು ಪಡೆದು ಸುಮ್ಮನಿರುವಂತಿರಲಿಲ್ಲ, ತಿರುಗಿ ಕೊಡಬೇಕಿತ್ತು. ಇಂದಿನ ಮೆರವಣಿಗೆಯಲ್ಲಿ ಪಡೆಯುವ ಭಾಗ ಮಾತ್ರ ಉಳಿದಿದೆ. ವೇದಿಕೆಯ ಮೇಲಿನವರಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ. ಕಿರಂಗೂರು ರಸ್ತೆಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಕಾದವರಿಗೆ ಹಗ್ಗ ಮತ್ತು ಪೊಲೀಸರ ಲಾಠಿ. ಒಂದು ಲೋಟ ನೀರು ಬೇಕೆಂದರೂ ಅಂಗಡಿಗೇ ಹೋಗಬೇಕು.

ಈ ಆಯ್ಕೆ ಮಾತಿನ ಮಟ್ಟಕ್ಕೂ ಇಳಿದಿದೆ. 2022ರ ಡಿಸೆಂಬರಿನಲ್ಲಿ ಆಗಿನ ರಾಜ್ಯ ಸರಕಾರದ ಮುಜರಾಯಿ ಇಲಾಖೆ ದೇವಸ್ಥಾನಗಳ ದೀವಟಿಗೆ ಸಲಾಂ, ಸಲಾಂ ಆರತಿ, ಸಲಾಂ ಮಂಗಳಾರತಿಗಳಲ್ಲಿದ್ದ ಸಲಾಮನ್ನು ತೆಗೆದು ನಮಸ್ಕಾರ ಎಂದು ಮಾಡಲು ನಿರ್ಧರಿಸಿತು. ಚರ್ಚೆಯ ನಡುವೆ ಇದ್ದದ್ದು ನಮ್ಮ ಜಿಲ್ಲೆಯ ಮೇಲುಕೋಟೆ. ದೆಹಲಿ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರಳಿಗೆ ಚೆಲುವನಾರಾಯಣನ ಪಾದದ ಬಳಿ ಜಾಗ ಕೊಟ್ಟ ಕ್ಷೇತ್ರ ಅದು. ಪಾರಸಿ ಮಾತು ಬೇಡ, ನಮ್ಮ ಮಾತು ಸಾಕು ಎಂಬುದು ಬದಲಾವಣೆ ಕೇಳಿದವರ ವಾದ. ಒಳ್ಳೆಯದು. ಹಾಗಾದರೆ ಜಂಬೂ ಸವಾರಿಯಲ್ಲಿರುವ ಸವಾರಿಯನ್ನು ಏನು ಮಾಡುವುದು? ನಿಶಾನೆ ಆನೆ, ನೌಪತ್ತಿನ ಆನೆ, ಕುಶಾಲತೋಪು, ಪಂಜಿನ ಕವಾಯತು, ಖಾಸಗಿ ದರ್ಬಾರು? ಅಂಬಾರಿ ಎಂಬ ಪದವೂ ಹೊರಗಿನಿಂದ ಬಂದದ್ದೇ. ಎಲ್ಲವನ್ನೂ ಇಳಿಸುತ್ತಾ ಹೋದರೆ ಕೊನೆಗೆ ಬರೀ ಮೈಯ ಆನೆ ಉಳಿಯುತ್ತದೆ. ನಿರ್ಧಾರ ಮಾಡಿದ ಇಲಾಖೆಯ ಹೆಸರಿನಲ್ಲೇ ಮುಜರೆ ಕೂತಿದೆ!

ನಮ್ಮವರೂ ಎಡವಿದರು. ಅದು ಟಿಪ್ಪುವಿಗೆ ಸಲ್ಲುತ್ತಿದ್ದ ಸಲಾಮು ಎಂದು ಕೆಲವರು ಎದೆಯುಬ್ಬಿಸಿದರು. ಸಂಜೆ ದೀವಟಿಗೆ ಹಿಡಿದು ಮಾಡುವ ಆ ವಂದನೆ ಸಲ್ಲುವುದು ಗರ್ಭಗುಡಿಯೊಳಗಿನ ಒಡೆಯನಿಗೆ. ಅರಮನೆಯ ರೀತಿಯನ್ನು ದೇವರಿಗೂ ಸಲ್ಲಿಸಿದ ಜನರ ಮಾತು ಅದು. ಅದನ್ನು ಒಬ್ಬರು ಗೆಲುವೆಂದು ಹೊತ್ತು ತಿರುಗಿದರು, ಇನ್ನೊಬ್ಬರು ಸೋಲೆಂದು ಅಳಿಸಿದರು.

ಸಲಾಮು ಯಾರು ಯಾರಿಗೆ ಹೇಳಬೇಕು ಎಂಬುದನ್ನು ಮದರಸದಲ್ಲಿ ಚಿಕ್ಕಂದಿನಲ್ಲೇ ಕಲಿಸಿದ್ದರು. ಸವಾರಿಯ ಮೇಲಿರುವವನು ನಡೆಯುವವನಿಗೆ, ನಡೆಯುವವನು ಕುಳಿತವನಿಗೆ, ಚಿಕ್ಕ ಗುಂಪು ದೊಡ್ಡ ಗುಂಪಿಗೆ ಎಂದು ಪ್ರವಾದಿಯವರು (ಸ) ಹೇಳಿದ್ದಾರೆ. ದೊರೆಗಳು, ಅವರಲ್ಲಿ ನಮ್ಮ ಸುಲ್ತಾನರೂ ಸೇರಿ, ಇದನ್ನು ತಲೆಕೆಳಗು ಮಾಡಿದರು. ಆನೆಯ ಮೇಲಿನವನಿಗೆ ನೆಲದ ಮೇಲಿನವನು ಬಾಗಬೇಕಾಯಿತು. ರಾಜಪ್ರಭುತ್ವ ಹೋಗಿ ಅಂಬಾರಿಯಲ್ಲಿ ಚಾಮುಂಡೇಶ್ವರಿ ಕುಳಿತ ಮೇಲಾದರೂ ಮೆರವಣಿಗೆ ನಡೆಸುವವರು ನೆಲಕ್ಕೆ ಇಳಿಯಬಹುದಿತ್ತು. ಇಳಿಯಲಿಲ್ಲ. ದೊರೆಯ ಗತ್ತನ್ನು ಈಗ ಗಲ್ಲಿಯ ಸಮಿತಿಗಳೂ ಕಲಿತಿವೆ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಮರುವರ್ಷ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲಿ ಗಣಪತಿ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಕಲ್ಲೆಸೆದವರ ಪರವಾಗಿ ನಮ್ಮ ಬಳಿ ಒಂದು ಮಾತೂ ಇಲ್ಲ. ಮಸೀದಿಯ ಮುಂದೆ ಬೇಕೆಂದೇ ನಿಂತು ಸದ್ದು ಏರಿಸುವವರ ಪರವಾಗಿಯೂ ಇಲ್ಲ. ಹಾಗೆಯೇ ಈದ್ ಮಿಲಾದ್ ಮೆರವಣಿಗೆಯಲ್ಲಿ ಆಳೆತ್ತರದ ಸ್ಪೀಕರ್ ಕಟ್ಟಿ, ಆಸ್ಪತ್ರೆಯ ಗೇಟೆಂದೂ ನೋಡದೆ ಕುಣಿಯುವ ನಮ್ಮ ಹುಡುಗರ ಪರವಾಗಿಯೂ ಇಲ್ಲ. ದಫ್ ಬಾರಿಸುವಾಗ ಎದುರಿನವನ ಮಾತು ಕೇಳಿಸುತ್ತಿತ್ತು. ಡೀಜೆಯ ಮುಂದೆ ಯಾರಿಗೆ ಯಾರು ಸಲಾಮು ಹೇಳುವುದು?

ಮಳವಳ್ಳಿ ಕಡೆ ನಾವು ಕಂಡ ಬಾಬಯ್ಯನ ಹಬ್ಬದಲ್ಲಿ ಪಂಜಾ ಹೊತ್ತವರು ಒಕ್ಕಲಿಗರ ಬೀದಿಯಲ್ಲಿ ಮನೆ ಮನೆಯ ಮುಂದೆ ನಿಲ್ಲುತ್ತಿದ್ದರು. ಹೆಂಗಸರು ಚೊಂಬಿನಲ್ಲಿ ಬೆಲ್ಲದ ಪಾನಕ ತರುತ್ತಿದ್ದರು. "ಕುಡೀರಿ ಸಾಬ್ರೆ, ಗಂಟ್ಲು ಒಣಗೋಯ್ತದೆ" ಎಂದು ಬೈಯುವಂತೆ ಹೇಳುತ್ತಿದ್ದರು. ಕುಡಿಯದೆ ಮುಂದೆ ಹೋಗುವ ಹಾಗಿರಲಿಲ್ಲ, ಊದು ಕೊಡದೆ ಬರುವ ಹಾಗೂ ಇರಲಿಲ್ಲ. ಇದನ್ನು ಶಿರ್ಕ್ ಎಂದು ಬಿಡಿಸಿದವರು ನಮ್ಮಲ್ಲೇ ಇದ್ದಾರೆ. ಅವರ ವಾದ ನಮಗೆ ಗೊತ್ತು. ಪಂಜಾ ಬಿಟ್ಟಿದ್ದಕ್ಕೆ ನಮಗೆ ಅಷ್ಟೇನೂ ದುಃಖವಿಲ್ಲ. ಅದರ ಜೊತೆ ಪಾನಕದ ಚೊಂಬೂ ಹೋಯಿತು, ಅದಕ್ಕೆ ಬದಲು ಏನನ್ನೂ ಇಡಲಿಲ್ಲ.

ಪೂರ್ತಿ ಹೋಗಿಲ್ಲ ಎನ್ನಲು ವೈರಮುಡಿ ಇದೆ. ಮಂಡ್ಯದ ಖಜಾನೆಯಿಂದ ಕಿರೀಟದ ಪೆಟ್ಟಿಗೆ ಪೊಲೀಸು ಬಂದೋಬಸ್ತಿನಲ್ಲಿ ಮೇಲುಕೋಟೆಗೆ ಹೊರಡುತ್ತದೆ. ಕೋವಿ ಹಿಡಿದವರ ಕಾವಲಿದ್ದರೂ ದಾರಿಯ ಊರುಗಳಲ್ಲಿ ಅದು ನಿಲ್ಲುತ್ತದೆ, ಜನ ಪೂಜೆ ಮಾಡಿ ಕಳಿಸುತ್ತಾರೆ. ಅಷ್ಟು ಬೆಲೆಬಾಳುವ ವಜ್ರ ನಿಲ್ಲಬಲ್ಲದಾದರೆ ದಸರೆಯ ಅಂಬಾರಿಗೇನು ಅವಸರ?

ಕಳೆದ ಸಲ ಕಿರಂಗೂರಿನಲ್ಲಿ ನೋಡಿದ್ದು. ಗಣ್ಯರ ವಾಹನಗಳು ಧೂಳೆಬ್ಬಿಸಿ ಹೋದ ಮೇಲೆ ಆನೆ ಬಂತು. ಆನೆ ನಡೆಸುವ ಕೆಲಸದಲ್ಲಿ ಜೇನುಕುರುಬರೂ ಇದ್ದಾರೆ, ನಮ್ಮವರೂ ಇದ್ದಾರೆ. ಅಂದಿನ ಮಾವುತ ಯಾರ ಪೈಕಿಯೋ ತಿಳಿಯಲಿಲ್ಲ. ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಒಬ್ಬ ಮುದುಕನನ್ನು ಕಂಡು, ಅವನು ಅಂಕುಶ ಎಡಗೈಗೆ ದಾಟಿಸಿ, ತಾನೇ ಮೊದಲು ಬಲಗೈಯನ್ನು ಹಣೆಗೆ ಮುಟ್ಟಿಸಿದ. ಮುದುಕ ಗಡಿಬಿಡಿಯಲ್ಲಿ ಎದ್ದು ನಿಂತು ಎರಡೂ ಕೈ ಜೋಡಿಸಿದ.